ಪಡಸಾಲೆಯ ಜಪಾನಿ ಹೆಂಗಸು

ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗ ನಿಜಾಮನ ಆಳ್ವಿಕೆ ಮುಗಿದ ಹೊಸತು. ಲಿಂಗಸುಗೂರಿನ ನನ್ನಣ್ಣ ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ನನಗೊಂದು ಜಪಾನಿ ಚಿತ್ರ ತಂದುಕೊಟ್ಟ. ಕೂದಲು ಇಳಿಬಿಟ್ಟು ಬಾಚಿಕೊಳ್ಳುತ್ತ ಕೂತ ಹೆಣ್ಣು. ಎಡೋ ಎಂಬ ಪಟ್ಟಣದಲ್ಲಿ ಹಿಂದೆಂದೋ ಮರದ ಹಲಗೆಯಲ್ಲಿ ಕೊರೆದು, ಬಣ್ಣಕ್ಕೊಂದು ಹಲಗೆಯಂತೆ ಕಾಗದಕ್ಕೆ ಒತ್ತಿದ್ದಂತೆ. ಹಣೆಯಂಚಿನ ಕೂದಲನ್ನು ಯಾರೋ ಪುಣ್ಯಾತ್ಮ ಎಳೆಎಳೆಯಾಗಿ ಕೊರೆದಿದ್ದ.

ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಕಣ್ಣು ಮಂಜಾಗಿದ್ದ ಅತ್ತೆ ಆ ಬಿಚ್ಚುಗೂದಲು ಕಂಡು ಯಾರೋ ಶರಣೆಯ ಪಟವೆಂದುಕೊಂಡರು. ದಿನಾ ಪೂಜೆಯ ಹೊತ್ತಿಗೆ ಗಾಜಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕೈಮುಗಿಯುತ್ತಿದ್ದರು.

ಒಂದು ದಿನ, "ಯಾವ ಶರಣಿ ಇಕಿ?" ಎಂದು ಕೇಳಿದರು. ಶರಣೆಯಲ್ಲ, ತಲೆ ಬಾಚಿಕೊಳ್ಳುತ್ತಿರುವ ಜಪಾನಿ ಹೆಂಗಸು ಎಂದೆ. ಅವರ ಮುಖ ಬಿಗಿಯಿತು.

"ತಲಿ ಬಿಚ್ಕೊಂಡಾಕಿ ಪಡಸಾಲ್ಯಾಗ ಬ್ಯಾಡ. ಮನಿಗೆ ದರಿದ್ರ. ತೆಗಿ."

ನಮ್ಮಲ್ಲಿ ಹೆಂಗಸರು ತಲೆ ಬಾಚುವುದು ಹಿತ್ತಲಲ್ಲಿ, ಗಂಡಸರ ಕಣ್ಣಿಗೆ ಬೀಳದಂತೆ. ನನಗೆ ಸಿಟ್ಟು ನೆತ್ತಿಗೇರಿತು.

"ಮುಂಜಾನಿ ನೀವಽ ವಿಭೂತಿ ಹಚ್ಚೀರಿ. ಅದಽ ಕೂದಲು ಈಗ ದರಿದ್ರ ಹೆಂಗಾತ್ರಿ ಅತ್ತಿ?"

"ಶರಣಿ ಬ್ಯಾರೆ, ಸಂಸಾರದಾಕಿ ಬ್ಯಾರೆ."

ಹಿತ್ತಲಿಗೆ ಹೋಗಿ ಎಣ್ಣೆ ಬಟ್ಟಲು, ಬಾಚಣಿಗೆ ತಂದೆ. ಪಟದ ಕೆಳಗೇ ಕೂತು ನನ್ನ ತುರುಬು ಬಿಚ್ಚಿದೆ. ಎದುರಿಗೆ ಬೀದಿಬಾಗಿಲು ತೆರೆದೇ ಇತ್ತು.

"ಬಾಗಲಾನರ ಮುಚ್ಚವ್ವ, ಮಂದಿ ನೋಡ್ತಾರ," ಎಂದರು ಅತ್ತೆ.

"ನೋಡ್ಲಿ ಬಿಡ್ರಿ," ಎಂದೆ. "ಬೇಕಂದ್ರ ನನಗೂ ವಿಭೂತಿ ಹಚ್ಚಿ ಹೋಗ್ಲಿ."