ಕಪ್ಪು ಪರದೆಗೆ ಎಂತ ಕರೆಂಟು

ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ. ಓದಲು ಬರುತ್ತದೆ, ಆದರೆ ನಾನು ಬರೆದದ್ದನ್ನು ಇನ್ನೊಬ್ಬರು ಓದಲಾರರು. ನಾನೇ ವಿಳಾಸ ಬರೆಯುತ್ತಿದ್ದ ಕಾಲದಲ್ಲಿ ಕಾರ್ಕಳದ ಮದುವೆಗೆ ಹೋಗಬೇಕಾದ ಮಲ್ಲಿಗೆ ಕಾಪು ಬಸ್ಸು ಹತ್ತಿದ್ದೂ ಉಂಟು. ಆಮೇಲೂ ಶಂಕರಪುರದ ನಮ್ಮ ಮನೆಯಿಂದ ಹೂ ಕಳಿಸುವ ಕೆಲಸ ನನ್ನ ಕೈಯಲ್ಲಿ ಉಳಿದದ್ದು ಒಂದು ಹಳೆಯ ಲ್ಯಾಪ್‌ಟಾಪಿನಿಂದ.

ಅದರಲ್ಲಿ ಚಿತ್ರಗಿತ್ರ ಇಲ್ಲ. ಡಾಸ್ ಅಂತೆ, ಹಳೆಯ ಕಾಲದ ಕಂಪ್ಯೂಟರಿನದ್ದು. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಒತ್ತಿದರೆ ಉಡುಪಿ, ಎರಡಕ್ಕೆ ಮಣಿಪಾಲ, ಮೂರಕ್ಕೆ ಕಾರ್ಕಳ. ಪಕ್ಕದ ಪ್ರಿಂಟರು ಕಿರ್ರೆಂದು ವಿಳಾಸದ ಚೀಟಿ ಕೊಡುತ್ತದೆ. ಬಾಳೆಲೆಯ ಕಟ್ಟಿಗೆ ಅದನ್ನು ಸಿಕ್ಕಿಸಿ ಬಸ್ಸಿಗೆ ಹಾಕಿದರೆ ಆಯಿತು.

ಮಳೆಗಾಲದಲ್ಲಿ ಮಾತ್ರ ಕಷ್ಟ. ಕರೆಂಟು ಹೋದರೆ ನಮ್ಮ ಇನ್ವರ್ಟರು ಪ್ರಿಂಟರನ್ನಷ್ಟೇ ಹೊರುತ್ತದೆ. ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲೇ ಬದುಕಬೇಕು. ಅದು ಅರ್ಧ ಕಟ್ಟುಗಳಿಗೆ ಚೀಟಿ ಬೀಳುವಾಗಲೇ ಆರಿಹೋಗುತ್ತಿತ್ತು.

“ಮಾಮಿ, ಇದನ್ನು ಗುಜರಿಗೆ ಹಾಕಿ,” ಎಂದಳು ಸೊಸೆ. “ಚೀಟಿ ನಾನು ಬರೆಯುತ್ತೇನೆ. ನೀವು ಹೂ ಕಟ್ಟುತ್ತಾ ಕೂತುಕೊಳ್ಳಿ.”

“ನಾನು ಕೂತರೆ ನಿನಗೆ ಎಂತ ಲಾಭ?”

“ಬಸ್ಸು ತಪ್ಪುವುದಿಲ್ಲ, ಅದೇ ಲಾಭ. ಇನ್ನೊಂದು ಸಲ ಇದು ನಡುವಲ್ಲಿ ಸತ್ತರೆ ಹೂ ಕಳಿಸುವುದು ನಾನು. ಆಯ್ತಾ?”

ಆಯ್ತು ಎಂದುಬಿಟ್ಟೆ. ಮರುದಿನವೇ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಉಡುಪಿಯ ರಿಪೇರಿಯವನ ಹತ್ತಿರ ಹೋದೆ.

“ಅಜ್ಜಿ, ಇದನ್ನು ಇಡೀ ದಿನ ಆನ್ ಮಾಡಿಯೇ ಇಡುತ್ತೀರಾ?” ಎಂದು ಕೇಳಿದ.

“ಕಪ್ಪು ಅಲ್ವಾ ಮಾರಾಯ. ಕಪ್ಪಿಗೆ ಎಂತ ಕರೆಂಟು?”

ನಾನು ನಂಬಿದ್ದು ಹಾಗೆಯೇ. ಕತ್ತಲೆ ಎಂದರೆ ದೀಪ ಆರಿದೆ ಎಂದಲ್ಲವೇ? ಅವನು ಅಂಗಡಿಯ ಲೈಟು ಆರಿಸಿ ಪರದೆಯನ್ನು ಓರೆಯಾಗಿ ಹಿಡಿದ. ಕಪ್ಪಿನ ಹಿಂದೆ ಬೆಳಕು ಉರಿಯುತ್ತಲೇ ಇತ್ತು. ಅದನ್ನು ತಗ್ಗಿಸುವ ಕೀಲಿ ತೋರಿಸಿದ. ಮತ್ತೆ, ಕೆಲಸ ಇಲ್ಲದಾಗ ಅದು ಸುಮ್ಮನಿರಲಿ ಎಂದು, ಲ್ಯಾಪ್‌ಟಾಪು ಏಳುವಾಗ ಓದಿಕೊಳ್ಳುವ ಫೈಲಿನಲ್ಲಿ ಒಂದು ಸಾಲು ಸೇರಿಸಿದ. ಆಮೇಲೆ ನನ್ನಿಂದಲೇ ಇಂಗ್ಲಿಷಿನಲ್ಲಿ ಪವರ್ ಎಂದು ಒಂದೊಂದೇ ಅಕ್ಷರ ಒತ್ತಿಸಿದ. ಪರದೆಯಲ್ಲಿ ಉತ್ತರ ಬಂತು.

“ನೀವು ಕೀಲಿ ಒತ್ತದಿರುವಾಗ ಎಷ್ಟು ಹೊತ್ತು ವಿಶ್ರಾಂತಿಯಲ್ಲಿತ್ತು ಅಂತ ಹೇಳುತ್ತದೆ. ಮೊದಲು ಕೆಲಸ ಇಲ್ಲದಿದ್ದರೂ ಓಡುತ್ತಲೇ ಇತ್ತು.”

“ನನ್ನ ಸೊಸೆಯ ಹಾಗೆ.”

“ಅದನ್ನು ನನ್ನ ಹತ್ತಿರ ಹೇಳಬೇಡಿ ಅಜ್ಜಿ,” ಎಂದ.

ಆ ವಾರವೇ ಗಾಳಿಮಳೆ ಬಂತು. ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಬೆಳಿಗ್ಗೆಯೇ ಕರೆಂಟು ಹೋಯಿತು. ಚಾವಡಿಯ ತುಂಬ ಹೂವಿನ ಕಟ್ಟು. ನಾನು ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿ, ಅಕ್ಷರ ಕಾಣಲೆಂದು ಕಿಟಕಿ ಮುಚ್ಚಿದೆ.

“ಮಾಮಿ, ಎಂತದೂ ಕಾಣುವುದಿಲ್ಲ.”

“ನನಗೆ ಕಾಣುತ್ತದೆ. ನೀನು ಊರು ಹೇಳು.”

ಅವಳು ಊರು ಹೇಳಿದಳು, ನಾನು ಒತ್ತಿದೆ. ಅವಳು ಬಾಳೆನಾರು ಬಿಗಿಯುವಷ್ಟು ಹೊತ್ತು ಲ್ಯಾಪ್‌ಟಾಪು ಸುಮ್ಮನಿರುತ್ತಿತ್ತು. ಅವಳ ಕಣ್ಣು ಮಾತ್ರ ಪರದೆಯ ಮೇಲೆಯೇ. ಈಗ ಆರುತ್ತದೆ, ಈಗ ಆರುತ್ತದೆ ಎಂದು ಕಾಯುತ್ತಿದ್ದಳು. ಕಾದದ್ದಷ್ಟೇ ಬಂತು, ಅದು ಆರಲಿಲ್ಲ. ಬಸ್ಸಿನವನು ಹಾರ್ನ್ ಹೊಡೆಯುವಾಗ ಕೊನೆಯ ಕಟ್ಟಿಗೂ ಚೀಟಿ ಬಿದ್ದಾಗಿತ್ತು.

ಕಟ್ಟುಗಳನ್ನು ಬಸ್ಸಿಗೇರಿಸಿ ಒದ್ದೆಯಾಗಿ ಬಂದವಳು ಮತ್ತೆ ಪರದೆಗೆ ಬಗ್ಗಿದಳು.

“ಇನ್ನೂ ಬದುಕಿ ಉಂಟಲ್ಲ.”

“ಉಂಟು. ಅಲೆವೂರಿನ ನಿನ್ನ ತಾಯಿಮನೆಗೂ ಕಳಿಸುವುದಿದ್ದರೆ ಹೇಳು.”

“ಅಲೆವೂರಿಗೆ ಯಾವ ನಂಬರು?”

“ನಂಬರು ಇಲ್ಲ. ರಿಪೇರಿಯವನ ಹತ್ತಿರ ಹಾಕಿಸಿಕೊಂಡು ಬರುತ್ತೇನೆ.”

ಅವಳು ತಲೆ ಒರೆಸಿಕೊಂಡು ಹೂ ಕಟ್ಟಲು ಕೂತಳು. ಗುಜರಿಯ ಮಾತು ಮತ್ತೆ ಬರಲಿಲ್ಲ. ಈಗ ಕರೆಂಟು ಹೋದರೆ ಆಚೆಮನೆಯವರೂ ತಮ್ಮ ಕಟ್ಟುಗಳನ್ನು ನನ್ನ ಮುಂದೆ ತಂದಿಡುತ್ತಾರೆ. ಸಾಲಿನಲ್ಲಿ ಇಡಿ ಎನ್ನುತ್ತೇನೆ, ಇಡುತ್ತಾರೆ.