ಇಳಿಜಾರಿಗೆ ಕೊಟ್ಟ ದುಡ್ಡು

ಸ್ನೇಹಿತರೇ, ಇವತ್ತು ಆರಾಧನೆ ಮುಗಿದ ಮೇಲೆ ಚಾಮರಾಜಪೇಟೆಯ ನಮ್ಮ ಪುಟ್ಟ ಚರ್ಚಿನ ಮುಂದೆ ಗ್ರಾನೈಟ್ ಕಲ್ಲೊಂದನ್ನು ಅನಾವರಣ ಮಾಡಿದರು. ಮೇಲೆ ತೀರಿಹೋದ ನನ್ನ ಯಜಮಾನರ ಹೆಸರು, ಕೆಳಗೆ ಕಮಿಟಿಯ ಹನ್ನೊಂದು ಹೆಸರು.

ನಾನು ದುಡ್ಡು ಕೊಟ್ಟದ್ದು ಕಲ್ಲಿಗಲ್ಲ. ಬಾಗಿಲಿನ ಮೂರು ಮೆಟ್ಟಿಲಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಕಟ್ಟಿಸಲಿ ಎಂದು. ಕಡೆಯ ವರ್ಷವೆಲ್ಲ ನನ್ನ ಯಜಮಾನರು ಗಾಲಿಕುರ್ಚಿಯಲ್ಲಿ ಹೊರಗೇ ಕೂತು ಪಾದ್ರಿಯ ಪ್ರಸಂಗ ಕೇಳಿದರು. ಈಗ ಅದೇ ಜಾಗದಲ್ಲಿ ಕಮಲಮ್ಮ ಟೀಚರ್ ತಮ್ಮ ಗಾಲಿಕುರ್ಚಿಯಲ್ಲಿ ಕೂರುತ್ತಾರೆ.

"ರ‍್ಯಾಂಪ್ ಎಲ್ಲಪ್ಪಾ?" ಎಂದು ಖಜಾಂಚಿಯನ್ನು ಕೇಳಿದೆ.

"ಫಂಡೆಲ್ಲಾ ಕಲ್ಲಿಗೇ ಖಾಲಿಯಾಯ್ತು ಆಂಟಿ. ಅಂಕಲ್ ಹೆಸ್ರು ಶಾಶ್ವತವಾಗಿ ಉಳೀತಲ್ಲ, ಬಿಡಿ."

"ಹೆಸ್ರಿಗೆ ಮೆಟ್ಲು ಹತ್ತೋ ಕಷ್ಟ ಇರ್ಲಿಲ್ಲ ಕಣಪ್ಪಾ," ಅಂದೆ.

ಕಲ್ಲು ಆರಡಿ ಉದ್ದವಿದೆ. ನಿಲ್ಲಿಸುವ ಬದಲು ಮೆಟ್ಟಿಲ ಮೇಲೆ ಓರೆಯಾಗಿ ಮಲಗಿಸಿದ್ದರೆ ಕಮಲಮ್ಮನವರಾದರೂ ಒಳಗೆ ಹೋಗುತ್ತಿದ್ದರು.