ಮೂಲೆಯ ಗಡಿಯಾರ ಮತ್ತು ನಿಟ್ಟೂರಿನ ಹಾಲ್ಟ್

1987ರಲ್ಲಿ ನಾನು ತುಮಕೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಗುಬ್ಬಿ, ಕುಣಿಗಲ್ ಎರಡೂ ನನ್ನ ಪಾಲಿಗಿದ್ದವು. ಈ ಘಟನೆಯನ್ನು ನೆನೆದಾಗಲೆಲ್ಲ ನನ್ನ ನೆನಪಿನಲ್ಲಿ ಹೊರಗೆ ಮಳೆ ಸುರಿಯುತ್ತಿರುತ್ತದೆ. ಸರ್ವಿಸ್ ಡೈರಿ ತೆಗೆದರೆ ಮಾರ್ಚ್ ತಿಂಗಳು. ಹಾಗಾಗಿ ಮಳೆಯನ್ನು ಬಿಟ್ಟು ಬರೆಯುತ್ತೇನೆ.

ಗುಬ್ಬಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಹನ್ನೊಂದು ಬಸ್ಸು, ಒಂದು ಕಂಪ್ಯೂಟರ್. ಯಾವ ಡ್ರೈವರ್ ಯಾವ ಬಸ್ಸಿಗೆ, ರಾತ್ರಿ ಯಾವ ಊರಿನಲ್ಲಿ ಹಾಲ್ಟ್ ಎಂಬ ವಾರದ ಡ್ಯೂಟಿ ಚಾರ್ಟನ್ನು ಅದು ಹಾಕುತ್ತಿತ್ತು. ಪ್ರೋಗ್ರಾಂ ಬರೆದವರು ಅಲ್ಲಿನ ಆಪರೇಟರ್ ವಿಶಾಲಾಕ್ಷಿ. ಹಿಂದಿನ ಮೂರು ವಾರ ಯಾರು ಎಲ್ಲಿ ಮಲಗಿದ್ದರೆಂದು ನೋಡಿ, ದೂರದಲ್ಲಿದ್ದವರಿಗೆ ಅದು ಮನೆ ಹತ್ತಿರದ ಹಾಲ್ಟ್ ಕೊಡುತ್ತಿತ್ತು. ಅದಕ್ಕೂ ಮುಂಚೆ ಚಾರ್ಟ್ ಬರೆಯುತ್ತಿದ್ದವರು ಮ್ಯಾನೇಜರ್ ರುದ್ರಯ್ಯ. ಆಗ ನಿಟ್ಟೂರಿನ ಹಾಲ್ಟ್ ಅದು ಹೇಗೋ ಅವರ ಭಾಮೈದನಿಗೇ ಬೀಳುತ್ತಿತ್ತು.

ಮಾಲೀಕರು ಮೂರೂವರೆ ಇಂಚಿನ ಹೊಸ ಫ್ಲಾಪಿ ಡ್ರೈವ್ ತರಿಸಿದರು. ಹಳೆಯ ಡಾಸ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅದನ್ನು ಗುರುತಿಸುತ್ತಿರಲಿಲ್ಲ. ಶುಕ್ರವಾರ ನಾನೇ ಹೋಗಿ ಹೊಸ ಡಾಸ್ ಹಾಕಿ ಬಂದೆ. ಶನಿವಾರ ವಿಶಾಲಾಕ್ಷಿಯ ಪ್ರೋಗ್ರಾಂ ಏಳಲಿಲ್ಲ. ಮೆಮೊರಿಯಲ್ಲಿ ಹಿಡಿಸುತ್ತಿಲ್ಲ ಎಂದು ಪರದೆ ಹೇಳಿತು. ಇದ್ದದ್ದೇ 256 ಕೆಬಿ. ಹೊಸ ಡಾಸ್ ಹಳೆಯದಕ್ಕಿಂತ ಹೆಚ್ಚು ಜಾಗ ತಿನ್ನುತ್ತಿತ್ತು.

ಮತ್ತೆ ಗುಬ್ಬಿಗೆ ಓಡಿದೆ. ಆಫೀಸಿನ ತುಂಬ ಡ್ರೈವರುಗಳು.

“ಏನ್ ಸಾರ್, ಸ್ಟಾರ್ಟ್ ಆಗ್ತಿಲ್ವಾ? ತಳ್ಳಣ್ವಾ?”

ರುದ್ರಯ್ಯ ಪೆನ್ನಿನ ಕ್ಯಾಪ್ ತೆಗೆದೇ ಕೂತಿದ್ದರು. “ಐದು ಗಂಟೆವರ್ಗೂ ಕಾಯ್ತೀನಿ. ಆಮೇಲೆ ನಾನೇ ಬರೀತೀನಿ.”

ಬಾಗಿಲಲ್ಲಿ ಡ್ರೈವರ್ ನಂಜುಂಡಪ್ಪ ನಿಂತಿದ್ದರು. ಮೂರು ವಾರದಿಂದ ಅವರದು ಕುಣಿಗಲ್ ಹಾಲ್ಟ್. ಅಷ್ಟರಲ್ಲಿ ಹೆಂಡತಿ ಬಾಣಂತನ ಮುಗಿಸಿ ನಿಟ್ಟೂರಿನ ಮನೆಗೆ ಮಗು ಕರೆತಂದಿದ್ದರು. ಮಗುವನ್ನು ನಂಜುಂಡಪ್ಪ ಒಮ್ಮೆಯೂ ಮಲಗಿಸಿರಲಿಲ್ಲ.

ಡಾಸಿನ ಸೆಟ್ಟಿಂಗುಗಳನ್ನು ಇಳಿಸಿದೆ. ಇನ್ನೂ ಎಂಟು ಕೆಬಿ ಕಡಿಮೆ ಬಿತ್ತು. ನಾಲ್ಕೂವರೆಗೆ ವಿಶಾಲಾಕ್ಷಿಗೆ ಹೇಳಿದೆ: “ಮೇಡಂ, ಹಿಂದಿನ ವಾರಗಳನ್ನ ನೋಡೋ ಭಾಗ ತೆಗೆದುಬಿಡಿ. ಪ್ರೋಗ್ರಾಂ ಚಿಕ್ಕದಾಗುತ್ತೆ.”

“ಅದನ್ನ ತೆಗೆದ್ರೆ ಉಳಿಯೋದು ರುದ್ರಯ್ಯನೋರ ಚಾರ್ಟೇ ಅಲ್ವಾ?”

ಏನು ತೊಂದರೆ ಎಂದು ನಂಜುಂಡಪ್ಪ ಕೇಳಿದರು. ಲೋಡ್ ಜಾಸ್ತಿ ಆಗಿದೆ ಎಂದೆ.

“ಜಾಸ್ತಿ ಆದ್ರೆ ಟಾಪ್ ಮೇಲಿರೋ ಲಗೇಜ್ ಇಳಿಸ್ತೀವಿ ಸಾರ್. ಒಳಗಿರೋ ಜನಾನ ಇಳಿಸಕ್ಕಾಯ್ತದಾ?”

ಎಲ್ಲರೂ ನಕ್ಕರು. ನಾನು ಪರದೆ ನೋಡಿದೆ. ಮೇಲಿನ ಮೂಲೆಯಲ್ಲಿ ಪುಟ್ಟ ಗಡಿಯಾರ ಸೆಕೆಂಡು ಎಣಿಸುತ್ತಿತ್ತು. ಯಾರೂ ಕೇಳದಿದ್ದರೂ, ಮಾಲೀಕರು ಖುಷಿಪಡಲಿ ಎಂದು ಶುಕ್ರವಾರ ನಾನು ಉಡುಗೊರೆಯಾಗಿ ಹಾಕಿದ್ದು. ಹಗಲಿಡೀ ಮೆಮೊರಿಯಲ್ಲಿ ಜಾಗ ಹಿಡಿದು ಕೂರುವ ಜಾತಿಯದು.

ಅದನ್ನು ಶುರುಮಾಡುವ ಒಂದು ಸಾಲನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಪ್ರೋಗ್ರಾಂ ಎದ್ದಿತು. ಪ್ರಿಂಟರ್ ಕರ್ರೆಂದಿತು. ನಿಟ್ಟೂರು: ನಂಜುಂಡಪ್ಪ.

“ಲೇ, ಜೋಗುಳ ಕಲ್ತ್ಕಳ್ಳಲಾ!” ಎಂದು ಯಾರೋ ಕೂಗಿದರು. ರುದ್ರಯ್ಯ ಪೆನ್ನಿಗೆ ಕ್ಯಾಪ್ ಹಾಕಿದರು.

ಆಗ ಮಾಲೀಕರು ಬಂದರು. “ಎಲ್ರೀ ನನ್ ಗಡಿಯಾರ?”

ವಿಶಾಲಾಕ್ಷಿ ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸಿ ತಂದು ಮಾನಿಟರಿನ ಮೇಲೆ ಒರಗಿಸಿಟ್ಟರು. “ಇಲ್ಲೇ ಇದೆ ಸಾರ್. ಇದು ಇನ್ನೂ ದೊಡ್ಡದು.”

ಡೈರಿಯಲ್ಲಿ ಆ ದಿನ ಹೀಗೆ ಬರೆದಿದ್ದೇನೆ: ‘ಮೆಮೊರಿ ತೊಂದರೆ ಪತ್ತೆಹಚ್ಚಿ ಸರಿಪಡಿಸಿದೆ.’ ನಂಜುಂಡಪ್ಪನ ಹೆಸರೇ ಇಲ್ಲ. ಮಾರ್ಚ್ ಎಂದು ನಿಜ ಹೇಳಿದ ಡೈರಿ ಇಲ್ಲಿ ಜಂಬ ಕೊಚ್ಚಿದೆ. ಅಲ್ಲಿಂದಾಚೆಗೆ ಹೊಸದು ಹಾಕಿ ಹಳೆಯದು ಕೆಟ್ಟಾಗಲೆಲ್ಲ ನಾನು ಮೊದಲು ಹುಡುಕಿದ್ದು ಹಳೆಯದರ ದೋಷವನ್ನಲ್ಲ, ನಾನೇ ಟಾಪ್ ಮೇಲೆ ಹೇರಿದ್ದನ್ನು.

ಸೋಮವಾರ ಸಂಜೆ ನಿಟ್ಟೂರಿನ ಬಸ್ಸು ಹೊತ್ತಿಗೆ ಮುಂಚೆಯೇ ಹೊರಟುಹೋಯಿತೆಂದು ಇಬ್ಬರು ಪ್ರಯಾಣಿಕರು ದೂರು ಕೊಟ್ಟರಂತೆ. ಯಾವ ಗಡಿಯಾರ ನೋಡಿ ಬಸ್ಸು ತೆಗೆದರೋ, ನಂಜುಂಡಪ್ಪನೇ ಹೇಳಬೇಕು.